ಹೆಸರುಗಳ ಹಿಂದಿನ ಹೆಸರು

ಬಿ. ಎಲ್. ರೈಸ್ ಅವರ ಹೆಸರನ್ನು ಅರಿಯದ ಕನ್ನಡ ಸಾಹಿತ್ಯಾಸಕ್ತರು ವಿರಳ. 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಅವರು ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಬೆಳಕಿಗೆ ತಂದರು. ಆ ಕುಲನಾಮ ಕಿವಿಗೆ ಬಿದ್ದೊಡನೆ ನಮಗೆ ಅಕ್ಕಿಯ ನೆನಪಾಗುವುದು ಸಹಜ. ಆದರೆ ಧಾನ್ಯಕ್ಕೂ ಅದಕ್ಕೂ ನಂಟಿಲ್ಲ. ಇಂಗ್ಲೆಂಡಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನಲ್ಲಿ ‘ರೀಸ್’ ಎಂಬುದು ಪ್ರಾಚೀನವಾದ ಅಂಕಿತನಾಮ; ಉತ್ಸಾಹ, ಆವೇಶ ಎಂದು ಅದರ ಅರ್ಥ. ಇಂಗ್ಲಿಷರ ಬಾಯಲ್ಲಿ ಅದು ‘ರೈಸ್’ ಆಯಿತು. ವೇಲ್ಸ್ ನುಡಿಯಲ್ಲಿ ‘ಆಪ್’ ಎಂದರೆ ಮಗ. ‘ಆಪ್ ರೀಸ್’, ಎಂದರೆ ರೀಸನ ಮಗ, ‘ಪ್ರೈಸ್’ ಎಂದಾಯಿತು. ಬೆಲೆಗೂ ಅದಕ್ಕೂ ಸಂಬಂಧವಿಲ್ಲ.

ಇಂತಹ ಸವೆತ ನಮ್ಮ ಊರುಗಳ ಹೆಸರಿಗೂ ತಪ್ಪಿದ್ದಲ್ಲ. ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳವನ್ನೇ ನೋಡಿ. ಅಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು, ಕ್ರಿ.ಶ. ಸುಮಾರು 750ರದು. ಅದರಲ್ಲಿರುವುದು ‘ಪೆರ್ಬೊಳಲ್ ನಾಡು’. ‘ಪೆರ್’ ಎಂದರೆ ಹಿರಿದು, ‘ಪೊಳಲ್’ ಎಂದರೆ ಪಟ್ಟಣ. ಹಳಗನ್ನಡದ ಪಕಾರ ಹಕಾರವಾಗಿ, ನಡುವಣ ಅಕ್ಷರಗಳು ಕರಗಿ, ಹಿರಿಯ ಪಟ್ಟಣವು ಹೆಬ್ಬಾಳವಾಯಿತು.

ಹೆಸರಿನ ಅರ್ಥವನ್ನು ಇಂದಿನ ಉಚ್ಚಾರದಿಂದ ನಿರ್ಣಯಿಸಲಾಗದು. ಹಳೆಯ ಬರಹವೇ ಅದಕ್ಕೆ ಸಾಕ್ಷಿ. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ದಾಖಲಾದ ಹಲವು ಕಲ್ಲುಗಳು ಇಂದು ಕಣ್ಮರೆಯಾಗಿವೆ. ಅವುಗಳ ಪಾಠ ಪುಸ್ತಕದಲ್ಲಿ ಉಳಿದಿದೆ. ಬರೆದಿಡುವ ಮುನ್ನವೇ ಅಡಿಪಾಯ ಸೇರಿದ ಕಲ್ಲಿನ ಸಾಕ್ಷ್ಯವನ್ನು ಮರಳಿ ಪಡೆಯುವ ದಾರಿಯಿಲ್ಲ. ಆದುದರಿಂದ ನೆಲ ಅಗೆಯುವಾಗ ಅಕ್ಷರವುಳ್ಳ ಕಲ್ಲು ಕಂಡರೆ ಗುದ್ದಲಿಯನ್ನು ಒಂದು ಕ್ಷಣ ತಡೆಯೋಣ.