ಸ್ವಂತ ಕೈಯಿಂದ ಗಿಟಾರು, ಸ್ವಂತ ಕೈಯಿಂದ ಧ್ವನಿವರ್ಧಕ
(ಶತಮಾನೋತ್ಸವದ ಯುವಜನ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ಹಿರಿಯರಲ್ಲಿ ಕೆಲವರು ಮುಗುಳ್ನಕ್ಕಿರಬಹುದು. ವಾಲ್ವುಗಳಿಂದ ಕೂಡಿದ ಧ್ವನಿವರ್ಧಕವನ್ನೂ ಅದಕ್ಕೆ ಜೋಡಿಸುವ ಗಿಟಾರನ್ನೂ ಮನೆಯಲ್ಲೇ ಕಟ್ಟುವ ಹವ್ಯಾಸದ ಕುರಿತು ಪಾದ್ರಿಯೊಬ್ಬರು ಏನು ಹೇಳಬಲ್ಲರು? ನಮ್ಮ ಗಾಯನ ವೃಂದದ ಮೂವರು ತರುಣರು ಈ ಕೆಲಸಕ್ಕೆ ಕೈಹಾಕಲು ಹೊರಟಿದ್ದಾರೆ. ಅವರ ತಾಯಂದಿರು ನಮ್ಮ ಬಳಿ ಬಂದು ಆತಂಕ ತೋಡಿಕೊಂಡಿದ್ದಾರೆ. ಆ ಆತಂಕಕ್ಕೆ ಕಾರಣವಿದೆ. ತರುಣರ ಆಸೆಯೂ ಯೋಗ್ಯವಾದದ್ದೇ. ಎರಡಕ್ಕೂ ನ್ಯಾಯ ದೊರೆಯುವಂತೆ ಮಾತನಾಡಲು ಯತ್ನಿಸುತ್ತೇವೆ.

ಹಿರಿಯರು ತಮ್ಮ ಮನೆಯ ಹಳೆಯ ರೇಡಿಯೊವನ್ನು ನೆನೆಯಲಿ. ಗುಂಡಿ ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಮೌನ. ಹಿಂಬದಿಯ ರಂಧ್ರಗಳಲ್ಲಿ ಕೆಂಬೆಳಕು. ಆಮೇಲೆ ಮೆಲ್ಲನೆ ಏರಿಬರುವ ದನಿ. ಆ ಬೆಳಕು ವಾಲ್ವಿನದು. ಗಾಳಿಯನ್ನು ಹೊರತೆಗೆದ ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು ಹೊರಟು ಎದುರಿನ ಪ್ಲೇಟಿಗೆ ಹಾರುತ್ತವೆ. ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಇಂಥ ಮೊದಲ ವಾಲ್ವನ್ನು ರಚಿಸಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಗ್ರಿಡ್ ಎಂಬ ಮೂರನೆಯ ಅಂಗವನ್ನು ಸೇರಿಸಿದರು. ಕೆರೆಯ ತೂಬನ್ನು ಊಹಿಸಿಕೊಳ್ಳಿ. ಒಬ್ಬ ಮನುಷ್ಯ ತೂಬನ್ನು ಗೇಣಷ್ಟು ಎತ್ತಿದರೆ ಇಡೀ ಗದ್ದೆಬಯಲಿಗೆ ನೀರು ಹರಿಯುತ್ತದೆ. ಗ್ರಿಡ್ಡಿನ ಕೆಲಸವೂ ಅದೇ. ಗಿಟಾರಿನ ತಂತಿ ಹುಟ್ಟಿಸಿದ ಅತ್ಯಲ್ಪ ವಿದ್ಯುತ್ತು ಗ್ರಿಡ್ಡನ್ನು ಅಲುಗಿಸಿದರೆ, ಪ್ಲೇಟಿನ ಕಡೆಗೆ ಹರಿಯುವ ದೊಡ್ಡ ಪ್ರವಾಹವೆಲ್ಲ ಅದರ ಲಯಕ್ಕೆ ತಕ್ಕಂತೆ ಏರಿಳಿಯುತ್ತದೆ.

ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ಲಿಯೊ ಫೆಂಡರ್ ರೇಡಿಯೊ ದುರಸ್ತಿಯ ಅಂಗಡಿ ತೆರೆದರು. ಸ್ವತಃ ಗಿಟಾರ್ ನುಡಿಸಲು ಬಾರದ ಈತನೇ ಮುಂದೆ ಜಗತ್ಪ್ರಸಿದ್ಧ ಗಿಟಾರುಗಳನ್ನು ರಚಿಸಿದವರು. 1950ರ ದಶಕದಲ್ಲಿ ಅವರ ಸಂಸ್ಥೆ ತಯಾರಿಸಿದ ಚಾಂಪ್ ಎಂಬ ಪುಟ್ಟ ಧ್ವನಿವರ್ಧಕವೇ ಇಂದಿಗೂ ಹವ್ಯಾಸಿಗಳ ಅಕ್ಷರಾಭ್ಯಾಸದ ಹಲಗೆ. ಅದರಲ್ಲಿ ಮೂರೇ ವಾಲ್ವುಗಳು. 12ಎಎಕ್ಸ್7 ಎಂಬುದು ಕ್ಷೀಣ ಸಂಕೇತವನ್ನು ಎರಡು ಹಂತಗಳಲ್ಲಿ ಬೆಳೆಸುತ್ತದೆ. 6ವಿ6 ಅದಕ್ಕೆ ಸ್ಪೀಕರನ್ನು ಅಲುಗಿಸುವ ಬಲ ಕೊಡುತ್ತದೆ. 5ವೈ3 ಮನೆಯ ಎ.ಸಿ. ವಿದ್ಯುತ್ತನ್ನು ಡಿ.ಸಿ.ಯಾಗಿ ಮಾರ್ಪಡಿಸುತ್ತದೆ. ಎಂಟು ಅಂಗುಲದ ಸ್ಪೀಕರು, ಸುಮಾರು 5 ವಾಟ್ ಶಕ್ತಿ. ಉಳಿದ ಸಣ್ಣ ಬಿಡಿಭಾಗಗಳೆಲ್ಲ ಎರಡು ಬೊಗಸೆಯಲ್ಲಿ ಹಿಡಿಯುತ್ತವೆ. ಈ ನಕ್ಷೆಯನ್ನು ಒಬ್ಬ ಶ್ರದ್ಧಾವಂತ ವಿದ್ಯಾರ್ಥಿ ತುದಿಯಿಂದ ತುದಿಯವರೆಗೆ ಅರ್ಥಮಾಡಿಕೊಳ್ಳಬಲ್ಲನು. ಯಾವ ಭಾಗ ಏಕಿದೆ, ಅದು ಕೆಟ್ಟರೆ ದನಿ ಹೇಗೆ ಬದಲಾಗುತ್ತದೆ ಎಂದು ಬೆರಳಿಟ್ಟು ತೋರಿಸಬಲ್ಲನು. ನಮ್ಮ ಜೇಬಿನಲ್ಲಿರುವ ದೂರವಾಣಿಯ ಕುರಿತು ಯಾರೂ ಹಾಗೆ ಹೇಳಲಾರರು. ಈ ಹವ್ಯಾಸವನ್ನು ನಾವು ಮೆಚ್ಚುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ನೋಡಿ ಮಾಡುವುದರಲ್ಲಿ ಅವಮಾನವೇನಿಲ್ಲ. ಲಂಡನ್ನಿನಲ್ಲಿ ಡ್ರಮ್ ಶಿಕ್ಷಕರಾಗಿದ್ದ ಜಿಮ್ ಮಾರ್ಷಲ್ ತಮ್ಮ ಅಂಗಡಿಯಲ್ಲಿ ಸಂಗಡಿಗರೊಡನೆ 1962ರಲ್ಲಿ ಮೊದಲ ಧ್ವನಿವರ್ಧಕವನ್ನು ಕಟ್ಟಿದಾಗ ಮುಂದಿಟ್ಟುಕೊಂಡದ್ದು ಫೆಂಡರರ ಬ್ಯಾಸ್‌ಮನ್ ಯಂತ್ರದ ನಕ್ಷೆಯನ್ನೇ.

ವಾಲ್ವಿಗೆ ಸಂಕೇತ ಅತಿಯಾದಾಗ ಅಲೆಯ ನೆತ್ತಿ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ಉಪಸ್ವರಗಳು ಸೇರಿಕೊಳ್ಳುತ್ತವೆ. ಇಂಜಿನಿಯರರ ಪುಸ್ತಕದಲ್ಲಿ ಇದು ದೋಷ. ವಾದಕರು ಇದನ್ನೇ ಬಯಸಿ ಪಡೆದರು. ಲಂಡನ್ನಿನ ಡೇವ್ ಡೇವಿಸ್ ಎಂಬ ತರುಣ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ ಒರಟು ದನಿ ಪಡೆದು, 1964ರಲ್ಲಿ ಅದನ್ನು ಧ್ವನಿಮುದ್ರಿಸಿದನು. ದಿವ್ಯಪೂಜೆಯ ವೇಳೆ ಇಂಥ ಪ್ರಯೋಗ ಬೇಡವೆಂದು ಮಾತ್ರ ನಮ್ಮ ತರುಣರನ್ನು ಕೇಳಿಕೊಳ್ಳುತ್ತೇವೆ.

ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ರೇಡಿಯೊ ವಾಲ್ವುಗಳು ತಯಾರಾಗುತ್ತಿದ್ದವು. ಹಳೆಯ ದಾಸ್ತಾನಿನಿಂದ ಹೊರಬಂದ ಅವನ್ನು ಇಂದು ಪರದೇಶದ ಹವ್ಯಾಸಿಗಳೂ ಹುಡುಕಿ ಕೊಳ್ಳುತ್ತಾರೆ. ಹೊಸ ವಾಲ್ವುಗಳು ಈಗ ರಷ್ಯ, ಸ್ಲೊವಾಕಿಯ, ಚೀನಾ ದೇಶಗಳಿಂದ ಬರುತ್ತವೆ. ಅಗ್ಗವಾಗುತ್ತದೆಂದು ನಂಬಿ ಯಾರೂ ಈ ಕೆಲಸಕ್ಕೆ ಇಳಿಯಬಾರದು. ಟ್ರಾನ್ಸ್‌ಫಾರ್ಮರ್ ಎರಡಕ್ಕೇ ಬಹಳ ಹಣ ಬೇಕು. ಅಮೆರಿಕದ ನಕ್ಷೆ ಅಲ್ಲಿನ ಸುಮಾರು 120 ವೋಲ್ಟಿಗೆ ಬರೆದದ್ದು. ನಮ್ಮದು 230 ವೋಲ್ಟ್ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಗಿಟಾರಿನ ವಿಷಯಕ್ಕೆ ಬರೋಣ. 1963ರಲ್ಲಿ ಇಂಗ್ಲೆಂಡಿನ ಶಾಲಾಬಾಲಕ ಬ್ರಯಾನ್ ಮೇಗೆ ಅಂಗಡಿಯ ಗಿಟಾರು ಕೊಳ್ಳಲು ಹಣವಿರಲಿಲ್ಲ. ಆತನೂ ತಂದೆ ಹ್ಯಾರಲ್ಡರೂ ಸೇರಿ ಸುಮಾರು ಎರಡು ವರ್ಷ ದುಡಿದು ಒಂದನ್ನು ತಾವೇ ಮಾಡಿದರು. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಮೇಲಿನ ಮಹಾಗನಿ ಹಲಗೆ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ. ಒಡಲಿಗೆ ಹಳೆಯ ಓಕ್ ಮೇಜಿನ ತುಂಡು. ಸ್ವರ ನಡುಗಿಸುವ ಸಾಧನಕ್ಕೆ ಚಾಕುವಿನ ಅಲಗು ಮತ್ತು ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಗುರುತಿನ ಚುಕ್ಕೆಗಳಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯ ಗುಂಡಿಗಳು. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಆತ ನುಡಿಸಿದ್ದು ಆ ಗಿಟಾರನ್ನೇ. 2007ರಲ್ಲಿ ಆತನಿಗೆ ಖಗೋಳ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ದೊರೆಯಿತೆಂಬುದನ್ನು, ಗಿಟಾರು ಹಿಡಿದ ಮಗ ಓದು ಬಿಡುವನೆಂದು ಅಂಜುವ ತಂದೆಯರು ಗಮನಿಸಲಿ.

ಮರಗೆಲಸಕ್ಕಿಂತ ಗಣಿತದಲ್ಲಿ ಎಡವುವವರೇ ಹೆಚ್ಚು. ಫ್ರೆಟ್ಟುಗಳ ಸ್ಥಾನ ನಿರ್ಣಯಕ್ಕೆ ಗೆಲಿಲಿಯೊನ ತಂದೆ, ಲ್ಯೂಟ್ ವಾದಕ ವಿನ್ಚೆಂಜೊ ಗೆಲಿಲಿ 1581ರ ತಮ್ಮ ಗ್ರಂಥದಲ್ಲಿ ಹದಿನೆಂಟರ ಸೂತ್ರವನ್ನು ಕೊಟ್ಟರು. ಉಳಿದ ತಂತಿಯ ಹದಿನೆಂಟನೆಯ ಒಂದು ಭಾಗದಂತೆ ಮುಂದೆ ಸಾಗಬೇಕು. 648 ಮಿಲಿಮೀಟರ್ ತಂತಿಗೆ ಈ ಸೂತ್ರ ಹಿಡಿದರೆ, ನಟ್ಟನಡುವೆ ಇರಬೇಕಾದ ಹನ್ನೆರಡನೆಯ ಫ್ರೆಟ್ಟು ಎರಡು ಮಿಲಿಮೀಟರಿಗೂ ಹೆಚ್ಚು ಹಿಂದೆ ಬೀಳುತ್ತದೆ. ಆದ್ದರಿಂದ 18ರ ಬದಲು 17.817ರಿಂದ ಭಾಗಿಸಿರಿ, ಮೊದಲ ಫ್ರೆಟ್ಟು 36.4 ಮಿಲಿಮೀಟರಿಗೆ ಬರುತ್ತದೆ.

ಇನ್ನು ತಾಯಂದಿರ ಆತಂಕ. ಈ ಪುಟ್ಟ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಮೀರಿದ ಡಿ.ಸಿ. ವಿದ್ಯುತ್ತಿರುತ್ತದೆ. ಹಿರಿಯರು ಕಂಡೆನ್ಸರ್ ಎಂದೂ ಕಿರಿಯರು ಕೆಪಾಸಿಟರ್ ಎಂದೂ ಕರೆಯುವ ಭಾಗವು, ಪ್ಲಗ್ಗನ್ನು ಕಿತ್ತ ಮೇಲೂ ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ದೀಪವಾರಿದೆ, ವಾಲ್ವು ತಣ್ಣಗಾಗಿದೆ ಎಂದು ಕೈಯಿಟ್ಟವನನ್ನು ಅದು ಕೊಲ್ಲಬಲ್ಲದು. ಹೊರಗಿನ ಅಪಾಯವೂ ಕಡಿಮೆಯಲ್ಲ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿ ನಗರದಲ್ಲಿ 27 ವರ್ಷದ ಗಿಟಾರ್ ವಾದಕ ಲೆಸ್ ಹಾರ್ವೆ, ಅರ್ಥಿಂಗ್ ಇಲ್ಲದ ಮೈಕನ್ನು ವೇದಿಕೆಯ ಮೇಲೆಯೇ ಮುಟ್ಟಿ ಪ್ರಾಣಬಿಟ್ಟನು. ಗುಂಯ್‌ಗುಡುವ ಸದ್ದು ನಿಲ್ಲಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅಂಥ ಯಂತ್ರಕ್ಕೆ ನಮ್ಮ ದೇವಾಲಯದ ಆವರಣದೊಳಗೆ ಪ್ರವೇಶವಿಲ್ಲ.

ಆದುದರಿಂದ ತರುಣರಿಗೆ ನಮ್ಮ ಷರತ್ತುಗಳಿವೆ. ಒಬ್ಬರೇ ಇರುವಾಗ ಪೆಟ್ಟಿಗೆ ತೆರೆಯಬಾರದು. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಲ್ಲಬಾರದು. ಪ್ಲಗ್ಗು ಕಿತ್ತ ನಂತರ ಹೊದಿಕೆಯಿರುವ ಕ್ಲಿಪ್ಪುಗಳಿಂದ 10,000 ಓಮ್, 5 ವಾಟ್ ರೆಸಿಸ್ಟರಿನ ಒಂದು ತುದಿಯನ್ನು ಲೋಹದ ಚಾಸಿಗೂ ಇನ್ನೊಂದನ್ನು ಕಂಡೆನ್ಸರಿನ ಧನ ತುದಿಗೂ ಹಿಡಿಸಿ, ಮೀಟರಿನಲ್ಲಿ ಸೊನ್ನೆಯ ಸಮೀಪಕ್ಕೆ ಇಳಿದುದನ್ನು ಕಣ್ಣಾರೆ ನೋಡಬೇಕು. ಅಳೆಯುವಾಗ ಎಡಗೈ ಜೇಬಿನಲ್ಲಿರಲಿ. ಒಂದು ಕೈಯಿಂದ ಇನ್ನೊಂದಕ್ಕೆ ಹರಿಯುವ ವಿದ್ಯುತ್ತು ಎದೆಯನ್ನು ಹಾದುಹೋಗುತ್ತದೆ. ಸ್ಪೀಕರು ಜೋಡಿಸದೆ ಯಂತ್ರವನ್ನು ನಡೆಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಮೊದಲ ಸಲ ವಿದ್ಯುತ್ತು ಕೊಡುವಾಗ ರೇಡಿಯೊ ರಿಪೇರಿಯವರಂತೆ ಸರಣಿಯಲ್ಲಿ ಒಂದು ಹಳೆಯ ಮಾದರಿಯ ತಂತಿಬಲ್ಬನ್ನು ಇಟ್ಟುಕೊಳ್ಳಬೇಕು. ಬಲ್ಬು ಮಿಂಚಿ ಮಂಕಾದರೆ ಒಳ್ಳೆಯದು; ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ, ಕೂಡಲೇ ಆರಿಸಬೇಕು.

ಪೆಟ್ಟಿಗೆ ಸಿದ್ಧವಾದ ದಿನ ಮೂವರೂ ಅದನ್ನು ಗುರುಮನೆಗೆ ತರಲಿ. ತಂತಿಬಲ್ಬನ್ನು ನಾವು ಕೊಡುತ್ತೇವೆ. ತಾಯಂದಿರೂ ಬರಬಹುದು.