ಲೆಕ್ಕದ ಹಾಳೆಯ ಎರಡನೆಯ ಮೆಟ್ಟಿಲು

(ಚೆನ್ನೈನ ಕೇಂದ್ರ ಸರ್ಕಾರಿ ಕಛೇರಿಗಳಲ್ಲಿ ಸೇವೆ ಸಲ್ಲಿಸುತ್ತಿರುವ ಕನ್ನಡ ಭಾಷಿಕ ನೌಕರರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಈ ನಗರದ ಸರ್ಕಾರಿ ಕಛೇರಿಗಳಿಗೂ ಕನ್ನಡಿಗರಿಗೂ ಇರುವ ನಂಟು ಹಳೆಯದು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ರೂಪುಗೊಂಡಾಗ ಮೈಸೂರು ಸಂಸ್ಥಾನದ ರೈಲುಮಾರ್ಗಗಳೂ ಅದರಲ್ಲಿ ಸೇರಿದವು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿರಿಸಿಕೊಂಡು ನೈರುತ್ಯ ರೈಲ್ವೆ ಕಾರ್ಯಾರಂಭ ಮಾಡುವವರೆಗೆ ಬೆಂಗಳೂರು ಮತ್ತು ಮೈಸೂರು ವಿಭಾಗಗಳ ಪ್ರಧಾನ ಕಛೇರಿ ಇದೇ ನಗರದಲ್ಲಿತ್ತು. ರೈಲ್ವೆಯಲ್ಲಿ, ಪೆರಂಬೂರಿನ ಇಂಟೆಗ್ರಲ್ ಕೋಚ್ ಕಾರ್ಖಾನೆಯಲ್ಲಿ, ಶಾಸ್ತ್ರಿ ಭವನ, ರಾಜಾಜಿ ಭವನಗಳಲ್ಲಿರುವ ಹಲವು ಇಲಾಖೆಗಳಲ್ಲಿ ಕಿರ್ದಿ ಬರೆದು, ವೇತನ ಪಟ್ಟಿ ತಯಾರಿಸಿದ ಹಿರಿಯರ ಪರಂಪರೆ ನಮ್ಮದು. ಅವರು ಕೆಂಪು ರಟ್ಟಿನ ದಪ್ಪ ಪುಸ್ತಕಗಳಲ್ಲಿ ಮಾಡಿದ ಕೆಲಸವನ್ನು ನಾವಿಂದು ಗಣಕಯಂತ್ರದ ಪರದೆಯ ಮೇಲೆ, ಸ್ಪ್ರೆಡ್‌ಶೀಟ್ ಎಂಬ ಲೆಕ್ಕದ ಹಾಳೆಯಲ್ಲಿ ಮಾಡುತ್ತಿದ್ದೇವೆ. ಸಾಧನ ಬದಲಾಗಿದೆ, ಹೊಣೆ ಬದಲಾಗಿಲ್ಲ. ಹಾಳೆಯ ಒಂದು ಕೋಶ ತಪ್ಪಿದರೆ ಎಲ್ಲೋ ಒಬ್ಬ ನಿವೃತ್ತ ನೌಕರನ ಮನೆಯ ತಿಂಗಳ ಲೆಕ್ಕವೇ ತಪ್ಪುತ್ತದೆ.

ಲೆಕ್ಕಿಗರು ಬಳಸುತ್ತಿದ್ದ ಅಗಲವಾದ, ಗೆರೆ ಹಾಕಿದ ಹಾಳೆಗೆ ಇಂಗ್ಲಿಷಿನಲ್ಲಿ ಮೊದಲಿನಿಂದಲೂ ಸ್ಪ್ರೆಡ್‌ಶೀಟ್ ಎಂಬ ಹೆಸರಿತ್ತು. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ 'ವಿಸಿಕ್ಯಾಲ್ಕ್' ಮೂಲಕ ಅದನ್ನು ಸಣ್ಣ ಕಂಪ್ಯೂಟರಿಗೆ ತಂದರು. 1983ರಲ್ಲಿ 'ಲೋಟಸ್ 1-2-3', 1985ರಲ್ಲಿ 'ಎಕ್ಸೆಲ್' ಬಂದವು. ಇವೆಲ್ಲಕ್ಕೂ ಮೂಲತತ್ತ್ವ ಒಂದೇ: ಒಂದು ಅಂಕಿಯನ್ನು ತಿದ್ದಿದರೆ ಅದನ್ನು ಆಶ್ರಯಿಸಿದ ಎಲ್ಲ ಅಂಕಿಗಳೂ ತಾವಾಗಿಯೇ ತಿದ್ದಿಕೊಳ್ಳಬೇಕು. ಅಂಕಿಗಳನ್ನು ಟೈಪು ಮಾಡುವುದು, ಕೂಡುವುದು, ಅಚ್ಚು ತೆಗೆಯುವುದು ಮೊದಲನೆಯ ಮೆಟ್ಟಿಲು. ಈ ಮೂಲತತ್ತ್ವದ ಪೂರ್ಣ ಪ್ರಯೋಜನ ಪಡೆಯುವುದೇ ಎರಡನೆಯ ಮೆಟ್ಟಿಲು. ಅದನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ದರಕ್ಕೆ ಪ್ರತ್ಯೇಕ ಕೋಶ

ತಮಗೆಲ್ಲ ಪರಿಚಿತವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೇಂದ್ರ ನೌಕರರ ತುಟ್ಟಿ ಭತ್ಯೆ 2024ರ ಜುಲೈ 1ರಿಂದ ಶೇಕಡಾ 50ರಿಂದ 53ಕ್ಕೆ ಏರಿತು; ಪ್ರಕಟಣೆ ಹೊರಬಿದ್ದದ್ದು ಅಕ್ಟೋಬರಿನಲ್ಲಿ. ಆದ್ದರಿಂದ ಮೂರು ತಿಂಗಳ ಬಾಕಿಯನ್ನು ಲೆಕ್ಕ ಹಾಕಬೇಕಾಯಿತು. ಮೂಲ ವೇತನ 35,400 ರೂಪಾಯಿ ಇದ್ದವರಿಗೆ ತಿಂಗಳಿಗೆ 1,062ರಂತೆ 3,186 ರೂಪಾಯಿ. 25,500 ಇದ್ದವರಿಗೆ 2,295. 18,000 ಇದ್ದವರಿಗೆ 1,620.

ಈ ಶೇಕಡಾ 3 ಎಂಬ ದರವನ್ನು ಪ್ರತಿಯೊಂದು ಸೂತ್ರದಲ್ಲೂ ಬರೆಯುವುದು ಸರಿಯಲ್ಲ. ಅದನ್ನು ಹಾಳೆಯ ಮೇಲ್ಭಾಗದ ಒಂದು ಕೋಶದಲ್ಲಿ, ಇ1ರಲ್ಲಿ ಎಂದಿಟ್ಟುಕೊಳ್ಳಿ, ಒಮ್ಮೆ ಮಾತ್ರ ಬರೆಯಬೇಕು. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಸೂತ್ರವನ್ನು ಕೆಳಗಿನ ಸಾಲಿಗೆ ಪ್ರತಿ ಮಾಡಿದಾಗ ಇ1 ಎಂಬುದು ಇ2 ಆಗುತ್ತದೆ. ಆ ಕೋಶ ಖಾಲಿಯಿದ್ದರೆ ಉತ್ತರ ಸೊನ್ನೆ. ಅಲ್ಲಿ ಬೇರಾವುದೋ ಅಂಕಿಯಿದ್ದರೆ ಉತ್ತರ ತಪ್ಪು. ಸೊನ್ನೆ ಕಣ್ಣಿಗೆ ಬೀಳುತ್ತದೆ, ತಪ್ಪು ಅಂಕಿ ಬೀಳುವುದಿಲ್ಲ. ಆದುದರಿಂದ ಅಕ್ಷರಕ್ಕೂ ಅಂಕಿಗೂ ಮುಂಚೆ ಡಾಲರ್ ಚಿಹ್ನೆಯನ್ನಿಟ್ಟು $ಇ$1 ಎಂದು ಬರೆದು ಕೋಶವನ್ನು ಸ್ಥಿರಗೊಳಿಸಬೇಕು. ಮುಂದೆ ದರ ಬದಲಾದಾಗ ಒಂದೇ ಕೋಶವನ್ನು ತಿದ್ದಿದರೆ ಸಾಕು.

ಪೈಸೆಯ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ದಶಮಾಂಶವನ್ನು ಪರದೆಯಲ್ಲಿ ಮರೆಮಾಡಿದ ಮಾತ್ರಕ್ಕೆ ಅದು ಹಾಳೆಯಿಂದ ಅಳಿದುಹೋಗುವುದಿಲ್ಲ. 100.40ರ ಮೂರು ಮೊತ್ತಗಳು ಪರದೆಯಲ್ಲಿ ನೂರು ನೂರು ಎಂದು ತೋರಿದರೂ ಕೆಳಗಿನ ಮೊತ್ತ 301 ಎಂದಿರುತ್ತದೆ. 50 ಪೈಸೆ ಹಾಗೂ ಅದಕ್ಕಿಂತ ಹೆಚ್ಚಿನದನ್ನು ಮುಂದಿನ ರೂಪಾಯಿಗೆ ಏರಿಸಿ, ಕಡಿಮೆಯಿದ್ದುದನ್ನು ಬಿಡಬೇಕೆಂಬುದು ತುಟ್ಟಿ ಭತ್ಯೆಯ ನಿಯಮ. ಇದನ್ನು 'ರೌಂಡ್' ಎಂಬ ಸೂತ್ರದಿಂದಲೇ ಮಾಡಬೇಕು.

ಎರಡು ಪಟ್ಟಿಗಳನ್ನು ಕೂಡಿಸುವಾಗ

ಒಂದು ಹಾಳೆಯಲ್ಲಿ ನೌಕರರ ಸಂಖ್ಯೆ ಮತ್ತು ವೇತನ, ಇನ್ನೊಂದರಲ್ಲಿ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಇರುವುದು ಸಾಮಾನ್ಯ. ಇವೆರಡನ್ನೂ ಬೆಸೆಯಲು 'ವಿಲುಕಪ್' ಎಂಬ ಸೂತ್ರವಿದೆ. ಅದರ ಕೊನೆಯ ಅಂಶವನ್ನು ಬರೆಯದೆ ಬಿಟ್ಟರೆ ಯಂತ್ರವು ಪಟ್ಟಿ ಏರಿಕೆಯ ಕ್ರಮದಲ್ಲಿದೆಯೆಂದು ಭಾವಿಸಿ, ಹುಡುಕಿದ ಸಂಖ್ಯೆ ಸಿಗದಿದ್ದಾಗ ಅದರ ಸಮೀಪದ ಕೆಳಗಿನ ಸಂಖ್ಯೆಯನ್ನು ಹಿಡಿದುಕೊಳ್ಳುತ್ತದೆ. ಒಬ್ಬರ ಬಾಕಿ ಇನ್ನೊಬ್ಬರ ಖಾತೆಯ ಎದುರು ನಿಲ್ಲಲು ಇಷ್ಟೇ ಸಾಕು. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಕೊನೆಯ ಅಂಶವಾಗಿ ಸೊನ್ನೆಯನ್ನು ಬರೆದರೆ ನಿಖರವಾದ ಸಂಖ್ಯೆ ದೊರೆತಾಗ ಮಾತ್ರ ಉತ್ತರ ಬರುತ್ತದೆ; ಇಲ್ಲದಿದ್ದರೆ ದೋಷಸೂಚನೆ ಕಾಣುತ್ತದೆ. ದೋಷಸೂಚನೆಯನ್ನು ಕಂಡು ಬೇಸರಿಸಬೇಕಾಗಿಲ್ಲ. ಸಂಖ್ಯೆ ಸಿಗಲಿಲ್ಲವೆಂದು ಹೇಳುವ ಹಾಳೆಯೇ ನಂಬಲರ್ಹವಾದ ಹಾಳೆ. ಹೊಸ ಆವೃತ್ತಿಗಳಲ್ಲಿರುವ 'ಎಕ್ಸ್‌ಲುಕಪ್' ಮೊದಲಿನಿಂದಲೇ ನಿಖರ ಹುಡುಕಾಟವನ್ನು ಮಾಡುತ್ತದೆ.

ಹೆಸರನ್ನು ಆಧಾರವಾಗಿಟ್ಟು ಪಟ್ಟಿಗಳನ್ನು ಬೆಸೆಯಬಾರದು. ಒಂದೇ ಹೆಸರಿನವರು ಹಲವರಿರುತ್ತಾರೆ. ಒಬ್ಬರದೇ ಹೆಸರನ್ನು ಹಲವು ಬಗೆಯಾಗಿ ಬರೆದಿರುತ್ತಾರೆ. ನೌಕರರ ಸಂಖ್ಯೆಯೇ ಆಧಾರವಾಗಲಿ. ಅಂತೆಯೇ ಒಂದೇ ಕಂಬಸಾಲನ್ನು ಅಕಾರಾದಿಯಾಗಿ ಜೋಡಿಸಿದರೆ ಹೆಸರುಗಳು ಸರಿದು ಮೊತ್ತಗಳು ಇದ್ದಲ್ಲೇ ಉಳಿಯುತ್ತವೆ. ಜೋಡಿಸುವ ಮುನ್ನ ಇಡೀ ಪಟ್ಟಿಯನ್ನು ಆರಿಸಿಕೊಂಡಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಸಾರಾಂಶ ತೆಗೆಯುವುದು

ಶಾಖಾವಾರು, ತಿಂಗಳುವಾರು ವೆಚ್ಚವೆಷ್ಟೆಂದು ಮೇಲಧಿಕಾರಿಗಳು ಕೇಳಿದಾಗ ದಿನವಿಡೀ ಕುಳಿತು ಕೂಡಬೇಕಾಗಿಲ್ಲ. ನಿಬಂಧನೆಗೆ ಒಳಪಟ್ಟ ಮೊತ್ತಕ್ಕೆ 'ಸಮ್‌ಇಫ್', ಹಲವು ದೃಷ್ಟಿಗಳಿಂದ ಸಾರಾಂಶ ತೆಗೆಯಲು 'ಪಿವಟ್ ಟೇಬಲ್' ಇವೆ. ಆದರೆ ಮೂಲ ಪಟ್ಟಿ ಕ್ರಮಬದ್ಧವಾಗಿರಬೇಕು: ಒಂದು ವಿವರಕ್ಕೆ ಒಂದು ಅಡ್ಡಸಾಲು, ಒಂದು ಬಗೆಯ ಮಾಹಿತಿಗೆ ಒಂದು ಕಂಬಸಾಲು, ನಡುವೆ ಖಾಲಿ ಸಾಲಾಗಲಿ ಉಪಮೊತ್ತವಾಗಲಿ ಇರಕೂಡದು. ಅಂದಕ್ಕಾಗಿ ಕೋಶಗಳನ್ನು ಬೆಸೆದ ಪಟ್ಟಿ ಅಚ್ಚಿಗೆ ಚೆನ್ನ, ಲೆಕ್ಕಕ್ಕೆ ಕಷ್ಟ.

ಯಂತ್ರ ತಾನಾಗಿ ಮಾಡುವ ತಿದ್ದುಪಡಿಗಳು

00457 ಎಂದು ಟೈಪು ಮಾಡಿದರೆ ಹಾಳೆ ಅದನ್ನು 457 ಎಂದು ಇಟ್ಟುಕೊಳ್ಳುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಆದುದರಿಂದ ಖಾತೆ ಸಂಖ್ಯೆ, ನೌಕರರ ಸಂಖ್ಯೆಗಳ ಕಂಬಸಾಲನ್ನು ಮೊದಲೇ ಪಠ್ಯವೆಂದು ಗೊತ್ತುಪಡಿಸಬೇಕು. 05/08 ಎಂಬುದನ್ನು ನಾವು ಆಗಸ್ಟ್ 5 ಎಂದು ಬರೆದರೆ, ಅಮೆರಿಕದ ಕ್ರಮಕ್ಕೆ ಹೊಂದಿಸಿದ ಯಂತ್ರ ಮೇ 8 ಎಂದು ಓದುತ್ತದೆ. ಗಣಕದ ಪ್ರದೇಶವನ್ನು ಭಾರತವೆಂದು ಆರಿಸಿಕೊಂಡರೆ ದಿನಾಂಕ ನಮ್ಮ ಕ್ರಮದಲ್ಲಿರುತ್ತದೆ. ಲಕ್ಷ, ಕೋಟಿಗಳ ಅಲ್ಪವಿರಾಮಗಳೂ ಸರಿಯಾದ ಸ್ಥಾನದಲ್ಲಿ ಬೀಳುತ್ತವೆ.

ಕನ್ನಡದಲ್ಲಿ ಹೆಸರುಗಳನ್ನು ಬರೆಯುವವರು ಯೂನಿಕೋಡ್ ಲಿಪಿಯನ್ನೇ ಬಳಸುವುದು ಒಳಿತು. ಹಳೆಯ ಫಾಂಟುಗಳಲ್ಲಿ ಬರೆದದ್ದು ಪರದೆಯಲ್ಲಿ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಕನ್ನಡವಲ್ಲ. ಆದ್ದರಿಂದ ಅದನ್ನು ಅಕಾರಾದಿಯಾಗಿ ಜೋಡಿಸಲೂ ಹುಡುಕಲೂ ಆಗದು.

ಲೋಕಾನುಭವದ ಪಾಠ

2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದುದು ಬೆಳಕಿಗೆ ಬಂದಿತು. ಹಳೆಯ ಬಗೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗೆ ಮಾತ್ರ ಸ್ಥಳವಿತ್ತು. ಅದಕ್ಕಿಂತ ಹೆಚ್ಚಿನ ಸಾಲುಗಳು ಸದ್ದಿಲ್ಲದೆ ಕೈಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕಾರ್ಯ ಆ ದಿನಗಳಷ್ಟೂ ಹಿಂದೆ ಬಿದ್ದಿತು. ಬಂದ ಸಾಲುಗಳೆಷ್ಟು, ಹಾಳೆಗೆ ಸೇರಿದ ಸಾಲುಗಳೆಷ್ಟು ಎಂದು ತಾಳೆ ನೋಡಿದ್ದರೆ ಕೊರತೆ ಅಂದೇ ತಿಳಿಯುತ್ತಿತ್ತು.

ಈ ತಾಳೆ ನೋಡುವ ಗುಣವೇ ಎರಡನೆಯ ಮೆಟ್ಟಿಲಿನ ತಿರುಳು. ಮೇಲಿನ ಬಾಕಿಯ ಲೆಕ್ಕವನ್ನೇ ನೋಡಿ: ಮೂವರ ಬಾಕಿಯ ಮೊತ್ತ 7,101. ಮೂವರ ಮೂಲ ವೇತನ ಸೇರಿ 78,900. ಅದರ ಶೇಕಡಾ 3ರ ಮೂರು ಪಟ್ಟು ಸಹ 7,101. ಎರಡು ದಾರಿಗಳಿಂದ ಒಂದೇ ಉತ್ತರ ಬಂದರೆ ಸಹಿ ಹಾಕುವ ಕೈ ಅಳುಕಬೇಕಾಗಿಲ್ಲ. ಪೈಸೆಗಳನ್ನು ಏರಿಸಿ ಇಳಿಸಿದಲ್ಲಿ ಕೆಲವು ರೂಪಾಯಿಗಳ ವ್ಯತ್ಯಾಸ ಬರಬಹುದು. ಅದಕ್ಕಿಂತ ಹೆಚ್ಚಿನ ಅಂತರಕ್ಕೆ ಕಾರಣ ಹುಡುಕಲೇಬೇಕು.

ಕಲಿಯುವ ಬಗೆ

ಕಲಿಕೆಗೆ ಅವಕಾಶಗಳು ಹಲವಿವೆ. ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆಯ ಕೇಂದ್ರ ಚೆನ್ನೈನಲ್ಲೇ ಇದೆ. ಆ ಸಂಸ್ಥೆಯ 80 ಗಂಟೆಗಳ 'ಸಿಸಿಸಿ' ಪಾಠಕ್ರಮದಲ್ಲಿ ಲೆಕ್ಕದ ಹಾಳೆಯ ತಳಹದಿ ಸೇರಿದೆ. ಮುಂಬಯಿ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್ ಕ್ಯಾಲ್ಕ್ ಕುರಿತ ಪಾಠಗಳು ಕನ್ನಡದಲ್ಲೂ ದೊರೆಯುತ್ತವೆ. ಕೇಂದ್ರ ನೌಕರರಿಗೆ 'ಐಗಾಟ್ ಕರ್ಮಯೋಗಿ' ವೇದಿಕೆಯಲ್ಲಿ ಎಕ್ಸೆಲ್ ಪಾಠಗಳಿವೆ. ಆದರೆ ಪಾಠ ಕೇಳಿದಷ್ಟಕ್ಕೆ ವಿದ್ಯೆ ಕೈಗೆ ಹತ್ತುವುದಿಲ್ಲ. ಮೂಲ ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು, ಕಛೇರಿಯ ಹಿಂದಿನ ತಿಂಗಳ ಪಟ್ಟಿಯನ್ನು ಹೊಸ ಕ್ರಮದಲ್ಲಿ ಮತ್ತೊಮ್ಮೆ ಮಾಡಿ ನೋಡಬೇಕು. ಉತ್ತರ ಗೊತ್ತಿರುವ ಲೆಕ್ಕವೇ ಅಭ್ಯಾಸಕ್ಕೆ ಅತ್ಯುತ್ತಮ.

ವಯಸ್ಸಾಯಿತೆಂದು ಹಿರಿಯ ಸಹೋದ್ಯೋಗಿಗಳು ಹಿಂಜರಿಯಬೇಕಾಗಿಲ್ಲ. ಯಾವ ಮೊತ್ತ ನಂಬತಕ್ಕದ್ದು, ಯಾವುದು ಅಸಹಜ ಎಂಬ ಅರಿವು ಅವರಿಗೆ ಅನುಭವದಿಂದ ಬಂದಿದೆ. ಕಿರಿಯರಿಗೆ ಕೈಚಳಕವಿದೆ. ಇಬ್ಬರೂ ಒಂದೇ ಮೇಜಿನ ಬಳಿ ಕುಳಿತು ಕೆಲಸ ಮಾಡಿದರೆ ಕಛೇರಿಗೂ ಲಾಭ, ಕಛೇರಿಯ ಬಾಗಿಲಿಗೆ ಬರುವ ಜನತೆಗೂ ಲಾಭ. ಆ ದಿಸೆಯಲ್ಲಿ ತಾವೆಲ್ಲರೂ ಹೆಜ್ಜೆಯಿಡುವಿರೆಂದು ಆಶಿಸುತ್ತೇನೆ.