ಯಾರೂ ಹೊಲಿಯದ ಉಡುಪು



ಉಡುಪಿನ ಚಿತ್ರ ಬರೀ ಜಾಹೀರಾತು, ಅದನ್ನು ಕಲೆಯೆಂದು ಕರೆಯುವುದು ಅತಿಯಾಯಿತು ಎನ್ನುವವರಿದ್ದಾರೆ. ಫ್ರಾನ್ಸಿನ ಜಾರ್ಜ್ ಬಾರ್ಬಿಯೆ ಅವರ ಚಿತ್ರಗಳ ಈ ಪ್ರದರ್ಶನವನ್ನು ಉದ್ಘಾಟಿಸುತ್ತ, ಆ ಮಾತನ್ನು ನಾನು ಒಪ್ಪಲಾರೆ. 1882ರಲ್ಲಿ ನಾಂತ್ ನಗರದಲ್ಲಿ ಹುಟ್ಟಿದ ಬಾರ್ಬಿಯೆ, 1911ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ಪ್ರದರ್ಶನದಿಂದಲೇ ಹೆಸರಾದರು. ಮರುವರ್ಷ ಲ್ಯೂಸಿಯೆನ್ ವೊಗೆಲ್ ಆರಂಭಿಸಿದ ‘ಗಜೆಟ್ ದ್ಯು ಬೊನ್ ತೊನ್’ ಪತ್ರಿಕೆಯ ಪ್ರಮುಖ ಚಿತ್ರಕಾರರಲ್ಲಿ ಅವರೊಬ್ಬರು. ಅದರ ಒಂದೊಂದು ಸಂಚಿಕೆಯಲ್ಲೂ ಪುಟತುಂಬ ಹತ್ತು ಬಣ್ಣದ ಚಿತ್ರಗಳಿರುತ್ತಿದ್ದವು. ಏಳರಲ್ಲಿ ಪ್ವಾರೆ, ವರ್ತ್ ಅವರಂಥ ಹೆಸರಾಂತ ವಿನ್ಯಾಸಕಾರರ ಉಡುಪುಗಳು. ಉಳಿದ ಮೂರನ್ನು ಚಿತ್ರಕಾರರೇ ಕಲ್ಪಿಸುತ್ತಿದ್ದರು. ಅವು ಯಾವ ವಿನ್ಯಾಸಕಾರರ ಸರಕೂ ಅಲ್ಲ. ಮಾರಲು ಸರಕೇ ಇಲ್ಲದ ಮೇಲೆ ಅದು ಯಾವುದರ ಜಾಹೀರಾತು? ಪತ್ರಿಕೆಯ ಅಂದಕ್ಕಾಗಿ ಬರೆಸಿದ್ದು ಎನ್ನಬಹುದು. ಆದರೆ ಬಾರ್ಬಿಯೆ ರಂಗಭೂಮಿಗೂ ಕೆಲಸ ಮಾಡಿದವರು, ಅಲ್ಲಿ ಬರೀ ಅಂದ ಸಾಲದು. 1913ರಲ್ಲಿ ನರ್ತಕ ನಿಜಿನ್‌ಸ್ಕಿ, ಮರುವರ್ಷ ನರ್ತಕಿ ಕರ್ಸಾವಿನಾ ಅವರ ನೃತ್ಯಗಳನ್ನು ಕುರಿತು ಚಿತ್ರಸಂಪುಟ ರಚಿಸಿದ ಕೈ ಅವರದು. ಕುಣಿಯುವ ಮೈಯೊಂದಿಗೆ ಬಟ್ಟೆ ಹೇಗೆ ಬಳುಕುತ್ತದೆ ಎಂಬುದು ಆ ಕೈಗೆ ತಿಳಿದಿತ್ತು. ಮುಂದೆ ಅವರು ಫೊಲಿ ಬೆರ್ಜೇರ್ ರಂಗಮಂದಿರಕ್ಕೆ, 1924ರಲ್ಲಿ ವ್ಯಾಲೆಂಟಿನೊ ನಟಿಸಿದ ‘ಮೊಸ್ಯೂ ಬೊಕೇರ್’ ಚಲನಚಿತ್ರಕ್ಕೆ ಉಡುಪು ವಿನ್ಯಾಸ ಮಾಡಿದರು. ಅಲ್ಲಿ ಕಾಗದದ ಗೆರೆ ನಟನ ಹೆಗಲಿಗೆ ಕೂರಬೇಕು, ಅವನು ಬಾಗಿದಾಗ ಬಾಗಬೇಕು.

ಇದೆಲ್ಲ ಸಿರಿವಂತರ ವಿಲಾಸ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದು ನಿಜ. ಆ ಪತ್ರಿಕೆ ದುಬಾರಿಯಾಗಿತ್ತು. ಅದರಲ್ಲಿನ ಉಡುಪು ಹೊಲಿದ ಹೆಣ್ಣುಮಕ್ಕಳ ಕೈಗೆಟಕುವಂಥದ್ದಾಗಿರಲಿಲ್ಲ. ಆದರೆ ಕೊಂಡವರು ಯಾರು ಎಂಬುದರಿಂದಲೇ ಕೃತಿಯನ್ನು ಅಳೆದರೆ ಮಾಡಿದವರು ಮರೆಯಾಗುತ್ತಾರೆ. ಈ ಚಿತ್ರಗಳಿಗೆ ಬಣ್ಣ ಹಾಕಿದ್ದು ಯಂತ್ರವಲ್ಲ. ‘ಪೊಶ್ವಾರ್’ ಎಂಬ ಆ ವಿಧಾನದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಬೇರೆ ತಗಡಿನ ಅಚ್ಚು ಕೊರೆದು, ಅದನ್ನು ಹಾಳೆಯ ಮೇಲಿಟ್ಟು, ಕುಂಚದಿಂದ ಬಣ್ಣ ತುಂಬುತ್ತಿದ್ದರು. ಒಂದೇ ಚಿತ್ರಕ್ಕೆ ಹಲವು ಅಚ್ಚು, ಹಲವು ಸಲ ಅದೇ ಕೆಲಸ. ಚಿತ್ರದ ಮೂಲೆಯಲ್ಲಿ ಬಾರ್ಬಿಯೆ ರುಜು ಇದೆ, ಬಣ್ಣ ತುಂಬಿದವರ ಹೆಸರಿಲ್ಲ. ನನ್ನನ್ನು ಕಾಡುವುದು ಕೊಂಡವರ ಸಿರಿತನಕ್ಕಿಂತ ಈ ಅನ್ಯಾಯ.

1932ರಲ್ಲಿ ಬಾರ್ಬಿಯೆ ತೀರಿಕೊಂಡಾಗ ಐವತ್ತು ತುಂಬಿರಲಿಲ್ಲ. ಫ್ಯಾಷನ್ ಪತ್ರಿಕೆಗಳ ಪುಟಗಳನ್ನು ಕ್ಯಾಮೆರಾ ಆಕ್ರಮಿಸತೊಡಗಿತ್ತು. ಅವರ ಹೆಸರೂ ಬಹುಕಾಲ ಮರೆಗೆ ಸರಿಯಿತು. ಒಳಗೆ ಹೋದಾಗ ಚಿತ್ರಗಳನ್ನು ತುಸು ಬಗ್ಗಿ, ಹತ್ತಿರದಿಂದ ನೋಡಿ. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವಲ್ಲಿ ಕುಂಚ ನಿಂತ ಅಂಚು ಈಗಲೂ ಕಾಣುತ್ತದೆ.